ಕಂಬದಿಂದ ಒಂಬತ್ತು ಮೀಟರ್

ಸಂಚಾರ ಠಾಣೆಯಲ್ಲಿ ಎಲ್ಲರೂ ಆ ದಫೇದಾರನನ್ನು ಅಳತೆಯಣ್ಣ ಎಂದೇ ಕರೆಯುತ್ತಿದ್ದರು. ಅಪಘಾತವಾದ ಕಡೆ ಟೇಪು ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ನಕ್ಷೆ ಬರೆಯುವುದು ಅವನ ಮೂವತ್ತು ವರ್ಷದ ಕೆಲಸ. ಹೆಂಡತಿ ಮುನಿಸಿಕೊಂಡರೂ ಎಷ್ಟು ದೂರ ಕೂತಿದ್ದಾಳೆಂದು ಅಳೆದುಕೊಂಡೇ ಮಾತಿಗೆ ಹೋಗುತ್ತಾನೆ ಎಂದು ಠಾಣೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. ನಗದೇ ಏನು, ಇಷ್ಟು ವರ್ಷದಲ್ಲಿ ಅವನ ಒಂದೇ ಒಂದು ನಕ್ಷೆಯನ್ನೂ ಯಾವ ವಕೀಲನೂ ಅಲ್ಲಾಡಿಸಿರಲಿಲ್ಲ. ನಿವೃತ್ತಿಗೆ ಇನ್ನು ಮೂರು ತಿಂಗಳಿತ್ತು.

ಆ ಮುದುಕ ದರ್ಜಿ ಠಾಣೆಗೆ ಬಂದದ್ದು ಅದು ನಾಲ್ಕನೆಯ ಸಲ. ಆತನ ಮಗಳು ಮಾರುಕಟ್ಟೆ ರಸ್ತೆ ದಾಟುವಾಗ ಮರಳು ಲಾರಿಗೆ ಸಿಕ್ಕಿ ಸತ್ತಿದ್ದಳು. ಜೀಬ್ರಾ ಕ್ರಾಸಿಂಗಿನ ಬಿಳಿ ಪಟ್ಟೆಯ ಮೇಲೆ ದಾಟದೆ, ಎರಡೂವರೆ ಮೀಟರ್ ಈಚೆಗೆ ಅಡ್ಡ ಬಂದಳು ಎಂದು ದಫೇದಾರನ ನಕ್ಷೆ ಹೇಳುತ್ತಿತ್ತು. ಅಂದರೆ ತಪ್ಪು ಅವಳದೇ. ಸೋಮವಾರ ಕೋರ್ಟಿನಲ್ಲಿ ಅವನ ಸಾಕ್ಷಿ. ಅಲ್ಲಿಗೆ ಲಾರಿಯವನು ಪಾರು.

"ಕೂತ್ಕೊಳ್ಳಿ ಯಜಮಾನ್ರೆ. ಮತ್ತೆ ಅದೇ ಮಾತಾದ್ರೆ ನನ್ನ ಹತ್ರ ಬೇರೆ ಉತ್ತರ ಇಲ್ಲ."

"ಮಾತಾಡೋಕೆ ಬಂದಿಲ್ಲ," ಎಂದ ದರ್ಜಿ. "ಅಳೆದ್ಕೊಂಡು ಬಂದಿದೀನಿ."

ಆತ ಜೇಬಿನಿಂದ ಬಟ್ಟೆ ಅಳೆಯುವ ಟೇಪು ತೆಗೆದು ಮೇಜಿನ ಮೇಲಿಟ್ಟ. ತುದಿ ಸವೆದು ಅಂಕಿಗಳು ಮಾಸಿದ್ದವು. ಜೊತೆಗೊಂದು ಚೀಟಿ. ಆತನ ಎರಡೂ ಮೊಣಕಾಲಿನ ಮೇಲೆ ಪ್ಯಾಂಟು ಧೂಳಾಗಿತ್ತು. ಒಂದೂವರೆ ಮೀಟರಿನ ಆ ಟೇಪನ್ನು ರಸ್ತೆಯಂಚಿನಲ್ಲಿ ಮಂಡಿಯೂರಿ ಸರಿಸಿ ಸರಿಸಿ ಅಳೆದಿರಬೇಕು.

"ದೀಪದ ಕಂಬದಿಂದ ಪಟ್ಟೆಗೆ ಒಂಬತ್ತು ಮೀಟರ್ ಅಂತ ಬರ್ದಿದೀರ. ನಂದು ಐದು ಹೇಳ್ತಿದೆ."

ದಫೇದಾರನಿಗೆ ನಗು ಬಂತು, ಸಿಟ್ಟೂ ಬಂತು. ಅಳತೆಯನ್ನೆಲ್ಲ ಅಲ್ಲಾಡದ ಒಂದು ವಸ್ತುವಿನಿಂದ ಶುರು ಮಾಡಬೇಕು. ಮಾರುಕಟ್ಟೆ ರಸ್ತೆಯಲ್ಲಿ ಅದು ಆ ಕಂಬ. ಅಲ್ಲಿ ಎಷ್ಟು ಅಪಘಾತ ಅಳೆದಿದ್ದನೆಂದರೆ, ಕಂಬದಿಂದ ಪಟ್ಟೆಗೆ ಒಂಬತ್ತು ಎನ್ನುವುದು ಅವನಿಗೆ ತನ್ನ ಮನೆಯ ಮೆಟ್ಟಿಲಿನಷ್ಟೇ ಬಾಯಿಪಾಠವಾಗಿತ್ತು. ದರ್ಜಿಯ ಮಗಳು ಸತ್ತ ದಿನ ಲಾರಿಯ ಮರಳೆಲ್ಲ ಚೆಲ್ಲಿ ಪಟ್ಟೆ ಮುಚ್ಚಿಹೋಗಿತ್ತು. ಅವಳು ಬಿದ್ದ ಜಾಗ ಕಂಬದಿಂದ ಆರೂವರೆ ಎಂದು ಅಳೆದ. ಪಟ್ಟೆಯ ಲೆಕ್ಕವನ್ನು ನೆನಪಿನಿಂದ ಬರೆದ.

ನೆನಪಿನಿಂದ ಬರೆದೆ ಎನ್ನುವುದು ಈಗ, ಆ ಚೀಟಿ ನೋಡುವಾಗ, ಅವನ ಎದೆಗೆ ತಟ್ಟಿತು.

"ನಡೀರಿ," ಎಂದು ಎದ್ದ. ಟೇಪಿನ ಇನ್ನೊಂದು ತುದಿ ಹಿಡಿಯುವ ಮಹಿಳಾ ಪೇದೆಯನ್ನೂ ಕರೆದುಕೊಂಡ.

ಮಟಮಟ ಮಧ್ಯಾಹ್ನ. ಪೇದೆ ಕಂಬದ ಬುಡಕ್ಕೆ ತುದಿ ಹಿಡಿದಳು, ದಫೇದಾರ ಪಟ್ಟೆಯ ಅಂಚಿಗೆ ಎಳೆದ. ಬಗ್ಗಿ ನೋಡಿದ. ಮತ್ತೊಮ್ಮೆ ಎಳೆದ.

"ಐದೇ ಅಣ್ಣ," ಎಂದಳು ಅವಳು ಮೆಲ್ಲಗೆ. "ಹೋದ ವರ್ಷ ಪೈಪ್ ಹಾಕೋವಾಗ ಕಂಬ ಕಿತ್ತು ಈಚೆಗೆ ನೆಟ್ರಲ್ಲ. ಅವತ್ತು ಇಲ್ಲಿ ಗಾಡಿಗಳನ್ನ ತಿರುಗಿಸಿದ್ದು ನಾನೂ ನೀವೂ ಅಲ್ವಾ?"

ಹೌದು. ಕ್ರೇನು ಕಂಬವನ್ನು ಎತ್ತುವಾಗ ಅವನು ಇದೇ ಜಾಗದಲ್ಲಿ ಕೈ ಅಡ್ಡ ಹಿಡಿದು ನಿಂತಿದ್ದ. ನಾಲ್ಕು ಮೀಟರ್ ಆಚೆ ಹಳೆಯ ಬೋಲ್ಟಿನ ಮೊಂಡು ತುದಿಗಳು ಇನ್ನೂ ಇದ್ದವು. ಐದರಿಂದ ಎಂಟರ ತನಕ ಪಟ್ಟೆ. ಆರೂವರೆ ಎಂದರೆ ಪಟ್ಟೆಯ ನಟ್ಟನಡುವೆ.

ದರ್ಜಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಮ್ಮಲ್ಲೂ ಹಿಂಗಾಗತ್ತೆ," ಎಂದ. "ಇಪ್ಪತ್ತು ವರ್ಷದ ಗಿರಾಕಿ ಬಂದಾಗ ಟೇಪು ತೆಗೆಯೋಲ್ಲ. ಹಳೇ ಅಳತೆಗೇ ಕತ್ತರಿ ಹಾಕ್ತೀವಿ. ಅಷ್ಟೊತ್ತಿಗೆ ಅವನ ಮೈ ಬದಲಾಗಿರತ್ತೆ. ಆದ್ರೆ ಅದು ಬಟ್ಟೆ ಸ್ವಾಮಿ, ಬಿಚ್ಚಿ ಹೊಲೀಬಹುದು."

ಜೇಬಿನಿಂದ ತನ್ನ ಟೇಪು ತೆಗೆದು ಮತ್ತೆ ಹೇಳಿದ. "ಕಣ್ಣು ಮುಚ್ಕೊಂಡು ಹೋಗಿ ಬಿದ್ಲು ಅಂತ ಅವಳ ಅತ್ತೆ ಅಂದ್ರೆ ನಾನು ಜಗಳಕ್ಕೆ ಹೋಗ್ತಿದ್ದೆ. ನಿಮ್ಮ ನಕ್ಷೆ ನೋಡಿದ ಮೇಲೆ ನಾನೂ ಬೈದೆ. ಎರಡು ತಿಂಗಳು, ಫೋಟೋ ಮುಂದೆ ನಿಂತ್ಕೊಂಡು."

"ಸೋಮವಾರ ಕೋರ್ಟಲ್ಲಿ ಹೇಳ್ತೀನಿ," ಎಂದ ದಫೇದಾರ. ದರ್ಜಿ ಅವನ ಮುಖವನ್ನೊಮ್ಮೆ ನೋಡಿ, ಟೇಪನ್ನು ಬೆರಳಿಗೆ ಸುತ್ತಿಕೊಂಡು ಹೊರಟುಹೋದ.

ಠಾಣೆಗೆ ಬಂದು ದಫೇದಾರ ಕಪಾಟು ತೆಗೆದ. ಕಂಬ ಈಚೆ ಬಂದ ಮೇಲೆ ಆ ಕಂಬದಿಂದ ಅಳೆದ ಕೇಸುಗಳು ಇನ್ನೆರಡು ಸಿಕ್ಕವು. ಒಬ್ಬಳು ದಾದಿ, ಕಾಲು ಹೋಗಿತ್ತು. ಇನ್ನೊಬ್ಬ ಗಂಡಸು, ಸತ್ತಿದ್ದ. ಎರಡರಲ್ಲೂ ನೆನಪಿನ ಅದೇ ಒಂಬತ್ತು. ಎರಡರಲ್ಲೂ ಅವನದೇ ದುಂಡು ಅಕ್ಷರದಲ್ಲಿ ಒಂದೇ ಸಾಲು: ದಾಟುವವರದೇ ಅಜಾಗರೂಕತೆ.

ಇನ್‌ಸ್ಪೆಕ್ಟರು ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಕೆಟ್ಟವನೇನಲ್ಲ. ಎಲ್ಲ ಕೇಳಿಸಿಕೊಂಡು ಬಾಗಿಲು ಹಾಕಿದ.

"ಅಳತೆಯಣ್ಣ, ಯೋಚನೆ ಮಾಡಿ. ಇದನ್ನ ಬಾಯಿಬಿಟ್ರೆ ನಿಮ್ಮ ಮೂವತ್ತು ವರ್ಷದ ನಕ್ಷೆನೆಲ್ಲಾ ಬಿಚ್ತಾರೆ. ಅಪರಾಧಿ ಅಂತ ಒಳಗಿರೋರೆಲ್ಲ ನಿಮ್ಮ ಹೆಸರು ಹಿಡ್ಕೊಂಡು ಹೊರಗೆ ಬರ್ತಾರೆ. ಲಾರಿ ವಕೀಲ ನಿಮ್ಮನ್ನ ಹಿಂಡಿ ಹಿಪ್ಪೆ ಮಾಡ್ತಾನೆ. ಮೇಲಿನೋರು ನನ್ನನ್ನೂ ಬಿಡಲ್ಲ. ಮೂರು ತಿಂಗಳು ಕಣ್ಣು ಮುಚ್ಕೊಂಡಿರಿ."

"ದರ್ಜಿಗೆ ಗೊತ್ತಾಗಿದೆ ಸಾರ್."

"ದರ್ಜಿ ಟೇಪು ಕೋರ್ಟಲ್ಲಿ ನಡೆಯತ್ತಾ?"

"ನಡೆಯಲ್ಲ ಸಾರ್. ಅದಕ್ಕೇ ನಂದು ನಡೀಬೇಕು."

ಇನ್‌ಸ್ಪೆಕ್ಟರು ಎದ್ದು ಬಾಗಿಲು ತೆಗೆದು, "ನಾನು ಸಹಿ ಹಾಕಲ್ಲ," ಎಂದ.

"ಬೇಡ ಸಾರ್. ತಪ್ಪು ನನ್ನ ಕೈಯಿಂದಾದ್ದು. ನನ್ನ ಸಹಿ ಒಂದೇ ಸಾಕು."

ಅವನು ತನ್ನ ಮೇಜಿಗೆ ಬಂದು ಮೂರು ಹಾಳೆ ತೆಗೆದುಕೊಂಡ. ಮೊದಲನೆಯದು ಸೋಮವಾರದ ಕೋರ್ಟಿಗೆ. ಎರಡನೆಯದು ದಾದಿಗೆ, ವಿಳಾಸ ಕಡತದಲ್ಲೇ ಇತ್ತು. ಮೂರನೆಯ ಕಡತದಲ್ಲಿ ಹೆಸರಿನ ಜಾಗದಲ್ಲಿ "ಅಪರಿಚಿತ ಗಂಡಸು, ಸುಮಾರು ಐವತ್ತು ವರ್ಷ" ಎಂದಷ್ಟೇ ಇತ್ತು. ಯಾರೂ ಹುಡುಕಿಕೊಂಡು ಬಂದಿರಲಿಲ್ಲ. ಮೊಣಕಾಲೂರಿ ಅಳೆಯಲು ಅವನಿಗೊಬ್ಬ ಅಪ್ಪ ಇದ್ದನೋ ಇಲ್ಲವೋ.

ದಫೇದಾರ ಹೊಸದಾಗಿ ನಕ್ಷೆ ಎಳೆದ. ಕಂಬ. ಕಂಬದಿಂದ ಪಟ್ಟೆಗೆ ಐದು. ಪಟ್ಟೆಯ ಮೇಲೆ, ಅವನು ಬಿದ್ದಲ್ಲಿ, ಒಂದು ಚಿಕ್ಕ ಗುಣಾಕಾರದ ಗುರುತು. ಕೆಳಗೆ ತನ್ನ ತಪ್ಪನ್ನು ಬರೆದು ತಾರೀಖು ಹಾಕಿದ. ಆಮೇಲೆ ಪೆನ್ನು "ಇವರಿಗೆ" ಎನ್ನುವಲ್ಲಿಗೆ ಬಂದು ನಿಂತುಬಿಟ್ಟಿತು.

ಪೇದೆ ಬಗ್ಗಿ ನೋಡಿದಳು. "ಇದು ಯಾರಿಗಣ್ಣ?"

"ಗೊತ್ತಿಲ್ಲ ಕಣಮ್ಮ," ಎಂದ. ಹಾಳೆಯನ್ನು ಹಾಗೇ ಕಡತಕ್ಕೆ ಸೇರಿಸಿ ದಾರ ಕಟ್ಟಿದ. ಗಂಟು ಒಂದೇ ಸಲಕ್ಕೆ ಬೀಳಲಿಲ್ಲ.