ಮೊಳೆ ಹೊಡೆದ ಕಿಟಕಿ

ಗಾಜು ಊದುವ ಮೇಸ್ತ್ರಿಗೆ ಗಾಳಿಯೆಂದರೆ ಆಗದು. ಬಿಸಿ ಗಾಜಿಗೆ ತಣ್ಣನೆ ಗಾಳಿ ತಾಗಿದರೆ ಚಟ್ಟೆಂದು ಸೀಳುತ್ತದೆ. ಅದಕ್ಕೇ ಕುಲುಮೆ ಕೋಣೆಯ ಎರಡೂ ಕಿಟಕಿಗೆ ಆತ ಕೈಯಾರೆ ಮೊಳೆ ಹೊಡೆದು ಇಪ್ಪತ್ತು ವರ್ಷವಾಗಿತ್ತು.

ಕೆಮ್ಮು ಮೂರು ವಾರ ಬಿಡದಿದ್ದಾಗ ಆಸ್ಪತ್ರೆಗೆ ಹೋದ. ಕ್ಷಯ ಅಂದರು. ನರ್ಸಮ್ಮ ಬಿಡಿಸಿ ಹೇಳಿದಳು:

"ಇದು ಉಸಿರಲ್ಲಿ ಹರಡುತ್ತೆ ಯಜಮಾನ್ರೇ. ಕೆಮ್ಮೋವಾಗ ಬಾಯಿಗೆ ಬಟ್ಟೆ ಹಿಡೀರಿ, ಕಿಟಕಿ ತೆಗೆದಿಡಿ, ಆರು ತಿಂಗಳು ಒಂದು ದಿನಾನೂ ಮಾತ್ರೆ ತಪ್ಪಿಸಬೇಡಿ. ಮನೇಲಿ ಮಗು ಇದ್ರೆ ಮೊದ್ಲು ಕರ್ಕೊಂಡ್ ಬನ್ನಿ."

ಮೇಸ್ತ್ರಿ ಹೂಂಗುಟ್ಟಿದ. ಅಷ್ಟೂ ಮಾತಿನಲ್ಲಿ ಬಾಯಿ ಎನ್ನುವುದೊಂದೇ ತಲೆಗೆ ಹೋಯಿತು. ಊದುಗೊಳವೆ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವ ಕಸುಬು. ರೋಗ ಅಂಟುವುದೂ ಅಲ್ಲಿಂದಲೇ ಎಂದು ತಾನೇ ತೀರ್ಮಾನಿಸಿಬಿಟ್ಟ, ಮಹಾ ಪಂಡಿತ! ತನಗೆ ಬೇರೆ ಕೊಳವೆ, ಬೇರೆ ಲೋಟ ಇಟ್ಟುಕೊಂಡ. ಕಾರಣ ಯಾರಿಗೂ ಹೇಳಲಿಲ್ಲ. ಕ್ಷಯದವನು ಊದಿದ ಗಾಜನ್ನು ಯಾರು ಕೊಳ್ಳುತ್ತಾರೆ? ತಿಂಗಳಲ್ಲಿ ಕೆಮ್ಮು ತಗ್ಗಿತು, ಮಾತ್ರೆ ಬಿಟ್ಟ. ಕೆಮ್ಮು ಮರಳಿ ಬಂದಾಗ, ಕುಲುಮೆಯ ಹೊಗೆ ಎಂದ.

ಮಧ್ಯಾಹ್ನ ಮಗಳು ಊಟ ತರುತ್ತಿದ್ದಳು, ಕಂಕುಳಲ್ಲಿ ಎರಡು ವರ್ಷದ ಕೂಸು. ಹೊರಗೆ ಕೊರೆಯುವ ಚಳಿ, ಒಳಗೆ ಬೆಚ್ಚಗೆ, ಸಂಜೆಯವರೆಗೂ ಕೂರುತ್ತಿದ್ದರು. ಕೂಸು ತಾತನ ಲೋಟಕ್ಕೆ ಕೈ ಹಾಕಿದರೆ ಮೇಸ್ತ್ರಿ ಗದರುತ್ತಿದ್ದ.

"ಏನಪ್ಪಾ ನಿನ್ನ ಜಂಬ! ಅದೇನು ಚಿನ್ನದ ಲೋಟಾನಾ?" ಎಂದು ಮಗಳು ನಗುತ್ತಿದ್ದಳು.

ತಾನೂ ನಕ್ಕು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ನೆತ್ತಿಯ ಮೇಲೆಯೇ ಕೆಮ್ಮುತ್ತಿದ್ದ.

ಕೂಸಿಗೆ ಜ್ವರ ಬಂತು, ಬಿಡಲಿಲ್ಲ. ಕುತ್ತಿಗೆ ಸೆಟೆದುಕೊಂಡಿತು. ಕ್ಷಯ ಮಿದುಳಿಗೆ ಏರಿದೆ ಅಂದರು. ಹನ್ನೊಂದನೇ ದಿನ ಹೋಗಿಬಿಟ್ಟಿತು. ಅಯ್ಯೋ, ಆ ಹೆಣ ಎತ್ತಲು ಎರಡನೆಯವರು ಬೇಕಾಗಲಿಲ್ಲ.

ರೋಗ ಎಲ್ಲಿಂದ ಬಂತೆಂದು ಹುಡುಕಿಕೊಂಡು ನರ್ಸಮ್ಮ ಬಂದಳು. ದಾರಿ ತೋರಿಸುತ್ತ ಮಗಳೂ ಬಂದಳು. ನರ್ಸಮ್ಮ ಬೇರೆ ಇಟ್ಟಿದ್ದ ಲೋಟ ನೋಡಿದಳು, ಕಿಟಕಿಯ ಮೊಳೆ ನೋಡಿದಳು.

"ಲೋಟದಿಂದ ಇದು ಅಂಟಲ್ಲ ಯಜಮಾನ್ರೇ. ಕಿಟಕಿ ತೆಗೆದಿಡಿ ಅಂದಿದ್ನಲ್ಲ ಅವತ್ತು?"

"ಅವತ್ತು ಅಂದ್ರೆ?" ಮಗಳು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

ಅವಳು ಬಾಯಿಗೆ ಬಟ್ಟೆ ಒತ್ತಿಕೊಂಡು ಹೊರಗೆ ಹೋಗಿ ನಿಂತಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೇಸ್ತ್ರಿ ಇಕ್ಕಳ ತೆಗೆದುಕೊಂಡು ಮೊಳೆ ಕಿತ್ತು ಕಿಟಕಿ ತೆರೆದ. ಗಾಳಿ ನುಗ್ಗಿತು, ಬೆಳಿಗ್ಗೆಯಿಂದ ಊದಿಟ್ಟ ಗಾಜೆಲ್ಲ ಹಿಂದೆ ಚಟಚಟನೆ ಸೀಳತೊಡಗಿತು. ಅವನು ತಿರುಗಿ ನೋಡಲಿಲ್ಲ. ಎರಡು ಕಿಟಕಿಗೆ ಸೇರಿ ಎಂಟೇ ಮೊಳೆ. ಕಾಲು ಗಂಟೆಯ ಕೆಲಸ.