ಹಗ್ಗ ಕಟ್ಟಿದವಳು

"ಲೇ ಮುಂಡೆ, ಆ ಫೋಟೋ ಮ್ಯಾಲೆ ಕಾಲಿಕ್ಕಿದ್ರೆ ಮುರಿದಾಕ್ಬಿಡ್ತೀನಿ ನೋಡು!"

ಶಾಮಿಯಾನದ ಕಾಂತರಾಜು ಕೂಗಿದಾಗ ಕಲ್ಲಮ್ಮ ನೆಲಕ್ಕೆ ಹಾಸಿದ ಫ್ಲೆಕ್ಸಿನ ಸುಕ್ಕು ಬಿಡಿಸುತ್ತಿದ್ದಳು. ಫೋಟೋದಲ್ಲಿದ್ದವಳು ಅವಳೇ. ಐವತ್ತು ವರ್ಷದ ಹಿಂದೆ, ಇದೇ ಅಜ್ಜಂಪುರದ ಸಂತೆ ಮೈದಾನದಲ್ಲಿ, ಸರ್ಕಸ್ ಡೇರೆಯೊಳಗೆ ಹಗ್ಗದ ಮೇಲೆ ಕೊಡೆ ಹಿಡಿದು ನಿಂತ ಹುಡುಗಿ. ಎಡಗಾಲಿನ ಸೊಟ್ಟ ಹೆಬ್ಬೆರಳು ಕೂಡ ಎದ್ದು ಕಾಣುತ್ತಿತ್ತು.

"ನಂದೇ ಕಾಲು ಕಣಪ್ಪ ಇದು."

"ಯಾರ್ದಾದ್ರೂ ಆಗ್ಲಿ, ಬಿರ್‍ರನೆ ಕಟ್ಟು. ಜನ ಬತ್ತಾವ್ರೆ."

ಸರ್ಕಸ್ ಮುಚ್ಚಿದ ಮೇಲೆ ಅವಳಿಗೂ ಮೈದುನ ಕರಿಯಣ್ಣನಿಗೂ ಉಳಿದದ್ದು ಶಾಮಿಯಾನ ಕಟ್ಟುವ ಕೂಲಿ. ಕರಿಯಣ್ಣ ಆಗ ಜೋಕರು. ಡೇರೆಯ ಕಟ್ಟಳೆ ಮಾತ್ರ ಇಬ್ಬರೂ ಬಿಟ್ಟಿರಲಿಲ್ಲ. ಹಗ್ಗ ಕಟ್ಟಿದವರೇ ಬಿಚ್ಚಬೇಕು. ಬಿಚ್ಚುವ ಮುಂಚೆ ಮೂರು ಸಲ "ಹುಷಾರ್" ಅನ್ನಬೇಕು.

ಹಳೇ ಸರ್ಕಸ್ಸಿನವರನ್ನು ನೆನೆಯುವ ಸಮಾರಂಭ ಅಂತ ಕೇಳಿದಾಗಿನಿಂದ ಕಲ್ಲಮ್ಮ ತನ್ನ ಹೆಸರು ಕೂಗುವುದನ್ನೇ ಕಾಯುತ್ತಿದ್ದಳು. ಒಗೆದ ಸೀರೆ ಉಟ್ಟು ಬಂದಿದ್ದಳು. ಫೋಟೋದ ಕೆಳಗೆ ದೊಡ್ಡ ಅಕ್ಷರಗಳಿದ್ದವು. ಓದು ಬಾರದ ಅವಳು ತನ್ನ ಹೆಸರೇ ಅಂದುಕೊಂಡು, ಎರಡು ಗಂಟು ಹೆಚ್ಚಿಗೆ ಬಿಗಿದಳು.

ಮೈಕು ಹಿಡಿದ ಟೀಚರ್ ಸೌಮ್ಯ ಆ ಅಕ್ಷರಗಳನ್ನು ಓದಿದಳು: "ಹಗ್ಗದ ಮೇಲೆ ನಡೆದ ಧೀರ ಕಲಾವಿದೆ, ಕಂಪನಿ ಮಾಲೀಕರ ಧರ್ಮಪತ್ನಿ ಶ್ರೀಮತಿ ವಿಮಲಮ್ಮನವರು!"

ಚಪ್ಪಾಳೆ ಬಿತ್ತು. ವಿಮಲಮ್ಮ ಡೇರೆ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವಳು. ಈಗ ವೇದಿಕೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಮಗ ಧನಪಾಲ್ ತಾಯಿಗೆ ಶಾಲು ಹೊದಿಸಿದ.

ಕಲ್ಲಮ್ಮ ವೇದಿಕೆಯ ಬುಡಕ್ಕೆ ಹೋದಳು. "ಧಣೇರಾ, ಅದು ನಾನು. ನೀವು ಕೂಸು ಆಗ. ಅವ್ವಾರ್ನೇ ಕೇಳಿ."

ಧನಪಾಲ್ ಬಗ್ಗಿ, ನಗುನಗುತ್ತಲೇ ಹೇಳಿದ: "ಗೊತ್ತು ಕಣೇ. ನಿಮ್ಮಂಥೋರು ಹಗ್ಗದ ಮ್ಯಾಲೆ ನಡೆದ್ರೆ ಅದು ಹೊಟ್ಟೆಪಾಡು. ನಮ್ಮವ್ವ ನಡೆದ್ರು ಅಂದ್ರೆ ಕಲೆ. ಹೋಗು, ಹಿಂದ್ಗಡೆ ಊಟ ಐತೆ, ತಿನ್ನು."

ಅವಳು ಚಪ್ಪಲಿ ಕಳಚಿ ಎಡಗಾಲನ್ನು ವೇದಿಕೆಯ ಮೇಲಿಟ್ಟಳು. "ಈ ಬೆರಳು ನೋಡಿ! ಫೋಟೋದಾಗೂ ನೋಡಿ!"

"ಥೂ, ದರಿದ್ರದೋಳೇ! ಇಳ್ಸೇ ಕಾಲು!" ಕಾಂತರಾಜು ರಟ್ಟೆ ಹಿಡಿದೆಳೆದ. ಅವಳು ಮಣ್ಣಿಗೆ ಬಿದ್ದಳು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು.

ಕರಿಯಣ್ಣ ಎಬ್ಬಿಸಿದ. "ಬಿಡು ಅತ್ತಿಗೆ. ಇವತ್ತಿನ ಕೂಲೀನೂ ಹೋಯ್ತದೆ."

"ಕರಿಯಾ, ಇದ್ನ ಕಟ್ಟಿದ್ಯಾರೋ?"

"ನಾವೇ."

"ಹಂಗಾರೆ ಕೂಗು."

ಕರಿಯಣ್ಣ ಅವಳ ಮುಖ ನೋಡಿದ. ಆಮೇಲೆ ಎದೆ ತುಂಬ ಉಸಿರೆಳೆದುಕೊಂಡು ಕೂಗಿದ. "ಹುಷಾರ್!"

ಯಾರೂ ಕದಲಲಿಲ್ಲ. ವಿಮಲಮ್ಮ ಒಬ್ಬಳೇ ಧಡಕ್ಕನೆ ಎದ್ದು, ಶಾಲು ಜಾರಿದ್ದನ್ನೂ ನೋಡದೆ ಮೆಟ್ಟಿಲಿಳಿದು ಬಯಲಿಗೆ ಬಂದು ನಿಂತಳು. ಡೇರೆಯಲ್ಲಿ ಬದುಕಿದ ಮೈ ಅದು.

"ಹುಷಾರ್!" ಜನ ಮೇಲೆ ನೋಡಿದರು. ಕಲ್ಲಮ್ಮ ಗೂಟದ ಗಂಟಿಗೆ ಕೈಯಿಟ್ಟಿದ್ದನ್ನು ಕಂಡು ಕುರ್ಚಿ ಉರುಳಿಸಿಕೊಂಡು ಓಡಿದರು. ಹೆಂಗಸರು ಮಕ್ಕಳೆಲ್ಲ ಆಚೆ ಹೋಗುವ ತನಕ ಅವಳು ಕಾದಳು.

"ಹುಷಾರ್!"

ಒಂದೇ ಎಳೆತ. ಬಟ್ಟೆ ನಿಧಾನಕ್ಕೆ ಕುಸಿದು ವೇದಿಕೆಯನ್ನು ಮುಚ್ಚಿತು. ಒಳಗೆ ಸಿಕ್ಕ ಧನಪಾಲನ ಬೋಳಿಮಗ ಸೂಳೆಮಗ ಬೈಗುಳವನ್ನೆಲ್ಲ ಮೈಕು ಊರಿಗೆ ಕೇಳಿಸತೊಡಗಿತು.

ಕಲ್ಲಮ್ಮ ವೇದಿಕೆಯ ಪಕ್ಕ ಬಯಲಿನ ಗಳುಗಳಿಗೆ ಕಟ್ಟಿದ್ದ ಫ್ಲೆಕ್ಸ್ ಇಳಿಸಿದಳು. ಸೊಂಟದ ಚೂರಿ ತೆಗೆದು, ಅಕ್ಷರಗಳಿದ್ದ ಪಟ್ಟಿಯನ್ನಷ್ಟೇ ಕೊಯ್ದು ಕಾಂತರಾಜನ ಮುಂದೆ ಎಸೆದಳು.

"ಅಕ್ಷರ ನಿಮ್ದು, ಮಡಿಕ್ಕಳಿ. ಕಾಲು ನಂದು."

ಉಳಿದದ್ದನ್ನು ಸುತ್ತಿ ಹೆಗಲಿಗೇರಿಸಿಕೊಂಡಳು. ವಿಮಲಮ್ಮ ಏನೋ ಹೇಳಲು ಬಾಯಿ ತೆರೆದಳು. ಕಲ್ಲಮ್ಮ ನಿಲ್ಲಲಿಲ್ಲ.