ಪಿಂಕಿಗೆ ಕೊಬ್ಬರಿ ಕೊಡಬೇಡಿ

ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಅದಕ್ಕೇ ಈಗ ಬರೆದು ಓದಿಸುತ್ತಿದ್ದೇನೆ. ನಾನು ಹಸೀನಾ ಬೇಗಂ. ಕಿಬ್ಬನಹಳ್ಳಿಯಲ್ಲಿ ಬಟ್ಟೆ ಹೊಲಿಯುತ್ತೇನೆ. ನಮ್ಮ ಮನೆಯಲ್ಲಿ ನಾಯಿ ಸಾಕುವ ರೂಢಿ ಇಲ್ಲ. ಪಕ್ಕದ ಮನೆಯ ಮಾರಯ್ಯಣ್ಣ ಸಾಕಿದ್ದಾರೆ. ನಾಯಿ ಅವರದು, ತಲೆನೋವು ಮಾತ್ರ ನನ್ನದು.

ನಾಯಿ ಎಂದರೆ ತೋಟ ಕಾಯುವ ನಾಯಿ ಅಂದುಕೊಳ್ಳಬೇಡಿ. ಪಮೇರಿಯನ್ ಜಾತಿ. ಮೈತುಂಬ ಬಿಳಿ ಕೂದಲು, ಸ್ನಾನ ಮಾಡಿಸಿದರೆ ಒಳಗೆ ಬೆಕ್ಕಿನಷ್ಟೇ ಮೈ. ತೂಕ ಮೂರು ಕೆಜಿ ಇದ್ದರೆ ಹೆಚ್ಚು. ಹೆಸರು ಪಿಂಕಿ. ಮಾರಯ್ಯಣ್ಣನ ಹೆಂಡತಿ ಹುಚ್ಚಕ್ಕನಿಗೆ ಕಿವಿ ಮಂದ. ಗೇಟು ಬಡಿದರೂ ಕೇಳಿಸದು, ಫೋನು ಹೊಡೆದುಕೊಂಡರೂ ಕೇಳಿಸದು. ಪಿಂಕಿ ಬಂದ ಮೇಲೆ ಆ ಪರದಾಟ ತಪ್ಪಿತು. ಯಾರಾದರೂ ಬಂದರೆ, ಕುಕ್ಕರ್ ಕೂಗಿದರೆ, ಅದು ಓಡಿ ಹೋಗಿ ಹುಚ್ಚಕ್ಕನ ಸೀರೆಯ ನೆರಿಗೆ ಹಿಡಿದು ಎಳೆಯುತ್ತದೆ. ಯಾರೂ ಕಲಿಸಿದ್ದಲ್ಲ. "ಇದು ನನ್ ಕಿವಿ ಕಣೇ ಹಸೀನಾ," ಎಂದು ಹುಚ್ಚಕ್ಕ ಅದನ್ನು ಮಡಿಲಿಗೆ ಎಳೆದುಕೊಳ್ಳುವಾಗ ನನಗೂ ಖುಷಿಯಾಗುತ್ತಿತ್ತು.

ಇಷ್ಟು ಬೆಲೆಬಾಳುವ ನಾಯಿಯನ್ನು ಅವರು ಹೇಗೆ ನೋಡಿಕೊಂಡರು ಗೊತ್ತೇ? ಕೊಬ್ಬರಿ ತಿನ್ನಿಸಿ.

ಮಾರಯ್ಯಣ್ಣನ ಅಂಗಳದಲ್ಲಿ ಕೊಬ್ಬರಿ ಕೆಲಸ ನಡೆಯುತ್ತದೆ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿ ಇಳಿಸಿ, ಸುಲಿದು, ಚಿಪ್ಪು ಒಡೆದು ಒಳಗಿನ ಉಂಡೆ ಕೊಬ್ಬರಿ, ಅಂದರೆ ಗಿಟುಕು, ತೆಗೆಯುತ್ತಾರೆ. ಇಡಿಯಾಗಿ ಬಂದ ಗಿಟುಕು ಮಾರಾಟಕ್ಕೆ ಮಂಡಿಗೆ ಹೋಗುತ್ತದೆ. ಏಟು ತಪ್ಪಿ ಒಡೆದ ಚೂರು ಪಕ್ಕದಲ್ಲಿ ಯಾರಿದ್ದಾರೋ ಅವರ ಕೈಗೆ. ನಮ್ಮ ಕಡೆ ಇದು ಮೊದಲಿಂದ ಬಂದ ಪದ್ಧತಿ. ಮಗು ಬಂದರೆ ಮಗುವಿಗೆ, ಪೋಸ್ಟ್‌ಮ್ಯಾನ್ ಬಂದರೆ ಪೋಸ್ಟ್‌ಮ್ಯಾನಿಗೆ. ಪಿಂಕಿಯಂತೂ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಬಾಲ ಆಡಿಸುತ್ತ ಕೂರುತ್ತಿತ್ತು. ಸುಲಿಯುವವರು ಒಬ್ಬೊಬ್ಬರೂ ಒಂದೊಂದು ಚೂರು ಎಸೆಯುತ್ತಿದ್ದರು. ಕೊಟ್ಟವರಿಗೆಲ್ಲ ತಾವು ಕೊಟ್ಟದ್ದು ಒಂದೇ ಚೂರು ಎಂಬ ಲೆಕ್ಕ. ಅದರ ಹೊಟ್ಟೆಗೆ ಎಷ್ಟು ಹೋಯಿತು ಎಂದು ಕೇಳುವವರೇ ಇಲ್ಲ.

ಇದು ನಾಯಿಗೆ ಕೆಡುಕು ಎಂದು ನನಗೆ ತಿಳಿದದ್ದು ನಮ್ಮ ಆಡಿನಿಂದ. ಅದಕ್ಕೆ ಹೊಟ್ಟೆ ಉಬ್ಬರಿಸಿದಾಗ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗಿದ್ದೆ. ಅಲ್ಲಿ ಇಂಥದೇ ಒಂದು ಪುಟ್ಟ ನಾಯಿಗೆ ಡ್ರಿಪ್ ಹಾಕಿ ಮಲಗಿಸಿದ್ದರು. ಬೀಗರ ಊಟದ ಜಿಡ್ಡೆಲ್ಲ ತಿನ್ನಿಸಿದ್ದರಂತೆ. ಡಾಕ್ಟರ್ ಸಿದ್ಧಾರ್ಥ್ ಅದರ ಯಜಮಾನನಿಗೆ ಬೈಯುತ್ತಿದ್ದರು. ಅವತ್ತೇ ಬಂದು ಮಾರಯ್ಯಣ್ಣನಿಗೆ ಹೇಳಿದೆ.

"ಅಣ್ಣ, ಸಣ್ಣ ಜಾತಿ ನಾಯಿಗೆ ಜಿಡ್ಡು ಆಗಲ್ವಂತೆ. ಕೊಬ್ಬರಿ ನಿಲ್ಸಿ."

ಮಾರಯ್ಯಣ್ಣ ನಕ್ಕರು. "ಏನಮ್ಮ ನೀನು! ನಮ್ ಕೊಬ್ಬರಿ ದೇಶದಾಗೆಲ್ಲ ಹೋಯ್ತದೆ. ಬಾಣಂತೀರು ತಿಂತಾರೆ, ಪೈಲ್ವಾನ್ರು ತಿಂತಾರೆ. ಈ ನಾಯಿಗೆ ಅರಗಲ್ವಾ?"

"ಪೈಲ್ವಾನ್ರು ಮೂರು ಕೆಜಿ ಇರ್ತಾರೇನಣ್ಣ?"

"ಬುಡಮ್ಮ, ನೋಡು ಕೂದ್ಲು ಹೆಂಗೆ ಮಿರಮಿರ ಅಂತದೆ. ಎಲ್ಲ ಕೊಬ್ಬರೀದೇ ಗುಣ ಕಣಮ್ಮ."

ಹುಚ್ಚಕ್ಕನ ಕಿವಿಯ ಹತ್ತಿರ ಹೋಗಿ ಕೂಗಿ ಹೇಳಿದೆ. ಅವರು, "ಆಸೆಯಿಂದ ನೋಡ್ತದೆ ಕಣೇ, ಹೆಂಗೆ ಇಲ್ಲ ಅನ್ಲಿ?" ಎಂದರು. ಸುಲಿಯುವ ದುರ್ಗಯ್ಯನಿಗೆ ಹೇಳಿದರೆ, "ಯಜಮಾನ್ರೇ ಕೊಡ್ತಾರೆ, ನಾನ್ ಕೊಟ್ರೆ ತಪ್ಪಾ?" ಎಂದು ನನ್ನನ್ನೇ ಕೇಳಿದ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ತಿರುಗಿ ಮಾತಾಡುತ್ತಿರಲಿಲ್ಲ!

ಒಂದು ಸೋಮವಾರ ಪಿಂಕಿ ವಾಂತಿ ಮಾಡಿತು. ಮಾರನೆಯ ದಿನ ಮತ್ತೆ ಮಾಡಿತು. ಮುಂಗಾಲು ನೆಲಕ್ಕೂರಿ, ಹಿಂಭಾಗ ಮೇಲೆತ್ತಿ ನಿಲ್ಲುತ್ತಿತ್ತು. ಹೊಟ್ಟೆ ಮುಟ್ಟಿದರೆ ಕುಂಯ್ ಎನ್ನುತ್ತಿತ್ತು. "ಆಸ್ಪತ್ರೆಗೆ ಹೋಗೋಣ ನಡೀರಿ," ಎಂದೆ. ಮಾರಯ್ಯಣ್ಣ ಏನು ಮಾಡಿದರು ಅಂತೀರಿ? ಸುಸ್ತಾಗಿದೆ, ಶಕ್ತಿ ಬರಲಿ ಎಂದು ಕೊಬ್ಬರಿಗೆ ಬೆಲ್ಲ ಸೇರಿಸಿ ಅರೆದು ಬಾಯಿಗೆ ಸವರಿದರು! ನನಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

ಬುಧವಾರ ಬೆಳಿಗ್ಗೆ ತೆಂಗಿನ ಸಿಪ್ಪೆ ತುಂಬಿಕೊಳ್ಳಲು ಟ್ರ್ಯಾಕ್ಟರ್ ಬಂತು. ಡ್ರೈವರ್ ಟ್ರೇಲರನ್ನು ಅಂಗಳದೊಳಕ್ಕೆ ಹಿಮ್ಮುಖವಾಗಿ ಬಿಡುತ್ತಿದ್ದ. ಹುಚ್ಚಕ್ಕ ಅದರ ಹಿಂದೆಯೇ ಬಗ್ಗಿ ಕಸ ಗುಡಿಸುತ್ತಿದ್ದರು. ಹಾರ್ನ್ ಹೊಡೆದ. ಅವರಿಗೆ ಕೇಳಿಸಲಿಲ್ಲ. ಬೇರೆ ದಿನವಾಗಿದ್ದರೆ ಟ್ರ್ಯಾಕ್ಟರ್ ಗೇಟಿನ ಹತ್ತಿರ ಬರುವಷ್ಟರಲ್ಲೇ ಪಿಂಕಿ ಸೀರೆ ಹಿಡಿದು ಎಳೆದು ಅವರನ್ನು ಜಗಲಿಗೆ ಹತ್ತಿಸಿರುತ್ತಿತ್ತು. ಅವತ್ತು ಅದು ಗೋಣಿಚೀಲದ ಮೇಲೆ ಮಲಗಿತ್ತು. ಸದ್ದಿಗೆ ತಲೆ ಎತ್ತಿತು, ನಾಲ್ಕು ಹೆಜ್ಜೆ ಇಟ್ಟಿತು, ಕಾಲು ಮಡಚಿ ಅಲ್ಲೇ ಬಿತ್ತು.

ನಾನು ಕಾಂಪೌಂಡಿನ ಈಚೆಯಿಂದ ಕಿರುಚಿಕೊಂಡೆ. ಮಾರಯ್ಯಣ್ಣ ಅಟ್ಟದ ಏಣಿಯಿಂದ ಹಾರಿ ಓಡಿ ಹೋಗಿ ಹೆಂಡತಿಯ ತೋಳು ಹಿಡಿದು ಎಳೆದರು. ಪೊರಕೆ ಚಕ್ರದಡಿಗೆ ಸಿಕ್ಕಿತು. ಹುಚ್ಚಕ್ಕ ಉಳಿದರು.

ಮಾರಯ್ಯಣ್ಣ ಸಿಪ್ಪೆ ರಾಶಿಯ ಮೇಲೆ ಕುಕ್ಕರಿಸಿದರು. ಹೆಂಡತಿಯನ್ನು ನೋಡಿದರು, ಬಿದ್ದಿದ್ದ ನಾಯಿಯನ್ನು ನೋಡಿದರು. "ಹಸೀನಮ್ಮ, ಆಟೋ ಕರೀತೀಯಾ?" ಎಂದರು. ನಾನು ಬೀದಿಗೆ ಓಡಿ ಆಟೋ ನಿಲ್ಲಿಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಸಿದ್ಧಾರ್ಥ್ ಪಿಂಕಿಯ ಹೊಟ್ಟೆ ಮುಟ್ಟಿ ನೋಡಿದರು.

"ಏನ್ ತಿನ್ಸಿದ್ರಿ?"

"ಕೊಬ್ಬರಿ, ಸ್ವಾಮಿ. ಜಾಸ್ತಿ ಏನಿಲ್ಲ, ಚೂರು."

"ನೀವು ಅರವತ್ತು ಕೆಜಿ ಇದ್ದೀರಿ, ಇದು ಮೂರು ಕೆಜಿ. ಇದಕ್ಕೆ ಒಂದು ಚೂರು ಅಂದ್ರೆ ನಿಮಗೆ ಒಂದು ಇಡೀ ಗಿಟುಕು. ದಿನಕ್ಕೆ ಎಷ್ಟು ಗಿಟುಕು ತಿಂದು ಅರಗಿಸ್ಕೋತೀರಿ ನೀವು?"

ಜಿಡ್ಡು ಅರಗಿಸುವ ಗ್ರಂಥಿ ಊದಿಕೊಂಡಿದೆ, ವಾಂತಿ ಶುರುವಾದ ದಿನವೇ ತರಬೇಕಿತ್ತು, ಉಳಿಯುತ್ತದೆ ಎಂದು ಈಗಲೇ ಹೇಳಲಾರೆ ಎಂದರು ಡಾಕ್ಟರ್. ಡ್ರಿಪ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ದಿನವೂ ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆಯವರೆಗೆ ಅಲ್ಲೇ ಇರಿಸಬೇಕಾಯಿತು. ಆ ದಿನಗಳಲ್ಲಿ ಹುಚ್ಚಕ್ಕ ಜಗಲಿಯ ಮೇಲೆ ಗೇಟಿಗೆ ಮುಖ ಮಾಡಿ ಕೂತೇ ಇದ್ದರು. ಯಾರಾದರೂ ಬಂದರೆ ಕಣ್ಣಿಗಾದರೂ ಕಾಣಲಿ ಎಂದು. ಒಲೆಯ ಮೇಲಿನ ಸಾರು ಹೊತ್ತಿ ಹೋಯಿತು.

ಶನಿವಾರ ಪಿಂಕಿ ತಾನಾಗಿ ಒಂದಿಷ್ಟು ನೀರು ಕುಡಿಯಿತು. ವಾರ ಕಳೆಯುವ ಹೊತ್ತಿಗೆ ಮೆತ್ತಗೆ ಬೇಯಿಸಿದ ಅನ್ನ ತಿಂದಿತು. ಉಳಿಯಿತು.

ಈಗಿನ ಕಥೆ ಕೇಳಿ. ಮಾರಯ್ಯಣ್ಣ ಬಂದವರಿಗೆಲ್ಲ ಹೇಳಿ ಹೇಳಿ ನನಗಿಂತ ಹೆಚ್ಚು ತಲೆ ತಿನ್ನುತ್ತಾರೆ. ಪಿಂಕಿ ಅಂಗಳಕ್ಕೆ ಬರದಂತೆ ಜಗಲಿಗೆ ಅಡ್ಡ ತಡಿಕೆ ಕಟ್ಟಿದ್ದಾರೆ. ಮೊನ್ನೆ ಹುಳಿಯಾರಿನಿಂದ ಕೊಬ್ಬರಿ ನೋಡಲು ಬಂದ ವ್ಯಾಪಾರಿಯೊಬ್ಬರು, "ಬಾ ಮರಿ," ಎಂದು ಒಂದು ಚೂರು ಚಾಚಿದರು. ಮಾರಯ್ಯಣ್ಣ ವ್ಯಾಪಾರದ ಮಾತು ಅಲ್ಲಿಗೇ ಬಿಟ್ಟು ಎದ್ದರು.

"ಕೈ ತೆಗೀರಿ ಸ್ವಾಮಿ! ಅದ್ಕೆ ಆಗಾಕಿಲ್ಲ!"

"ಒಂದೇ ಚೂರು ಕಣಪ್ಪ, ಏನಾಯ್ತದೆ?"

"ನಾನೂ ಹಂಗೇ ಅಂದಿದ್ದೆ ಕಣ್ರೀ. ನನ್ ಹೆಂಡ್ರು ಟ್ರ್ಯಾಕ್ಟರ್ ಕೆಳಗೆ ಹೋಗ್ತಿದ್ಲು."

ವ್ಯಾಪಾರಿಗೆ ತಲೆಬುಡ ತಿಳಿಯಲಿಲ್ಲ. ಚೂರನ್ನು ತಮ್ಮ ಬಾಯಿಗೇ ಹಾಕಿಕೊಂಡರು. ನನಗೆ ಮಾತ್ರ ಚೆನ್ನಾಗಿ ತಿಳಿಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಪುಟ್ಟ ನಾಯಿ ಇದ್ದರೆ ದಯವಿಟ್ಟು ಕೇಳಿ. ಕೊಬ್ಬರಿ, ಒಬ್ಬಟ್ಟು, ಕರಿದ ತಿಂಡಿ, ಚಾಕೊಲೇಟು, ದ್ರಾಕ್ಷಿ ಕೊಡಬೇಡಿ. ಬೇಯಿಸಿದ ಕೋಳಿ ಮೂಳೆಯಂತೂ ಬೇಡವೇ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಉಪ್ಪು, ಖಾರ, ಎಣ್ಣೆ ಹಾಕದ ಅನ್ನ, ಮೂಳೆ ಚರ್ಮ ತೆಗೆದು ಬೇಯಿಸಿದ ಕೋಳಿ ಸಾಕು. ಸ್ವಲ್ಪ ಸ್ವಲ್ಪ, ಹೊತ್ತಿಗೆ ಸರಿಯಾಗಿ ಕೊಡಿ. ಮೈತುಂಬ ಕೂದಲಿರುವ ನಾಯಿಗೆ ನಮ್ಮ ಬೇಸಗೆ ಬೆಂಕಿ, ನೆರಳಿನಲ್ಲಿ ಬಿಡಿ, ಪಕ್ಕದಲ್ಲಿ ನೀರಿಡಿ. ಮನೆಯೊಳಗೇ ಇರುವ ನಾಯಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಯಾಕೆ ಎನ್ನಬೇಡಿ, ಡಾಕ್ಟರು ಹೇಳಿದ ಸಮಯಕ್ಕೆ ಪ್ರತಿ ವರ್ಷ ಹಾಕಿಸಿ. ವಾಂತಿ ನಿಲ್ಲದಿದ್ದರೆ, ಊಟ ಬಿಟ್ಟರೆ, ಮನೆಮದ್ದು ಮಾಡುತ್ತ ಕೂರಬೇಡಿ, ಅವತ್ತೇ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಷ್ಟು ಸಣ್ಣ ಮೈ ನಾಳೆಯವರೆಗೆ ಕಾಯುವುದಿಲ್ಲ.

ಅದು ಆಸೆಯಿಂದ ನೋಡುತ್ತದೆ, ನಿಜ. ಅದಕ್ಕೆ ಬೇಕಾದದ್ದು ನೀವು. ಪಕ್ಕದಲ್ಲಿ ಕೂತು ತಲೆ ಸವರಿ, ನಾಲ್ಕು ಮಾತಾಡಿ. ಕೈ ಮಾತ್ರ ಖಾಲಿ ಇರಲಿ.